ನಾಗನಿಗೆಂದು ಕದ್ದ ಕೇದಗೆ

ಕೇದಗೆಯ ವಾಸನೆ ಬಂದರೆ ಈಗ ನನಗೆ ದೇವರ ನೆನಪಾಗುವುದಿಲ್ಲ, ನಮ್ಮ ಕನ್ನಡ ಸಂಘದ ಅಧ್ಯಕ್ಷರ ನೀಲಿ ರೈನ್‌ಕೋಟಿನ ನೆನಪಾಗುತ್ತದೆ. ಕೂಡಲೇ ಮೈ ಉರಿಯುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಇರಲಿ. ಬೇರೆ ಎಷ್ಟೋ ಕೋಪಗಳನ್ನು ನುಂಗಿಕೊಂಡಿದ್ದೇನೆ, ಇದೊಂದನ್ನು ಯಾರು ಸಮಾಧಾನ ಹೇಳಿದರೂ ಇಳಿಸುವವಳಲ್ಲ.

ಮುಂಬಯಿಯ ಫೋರ್ಟಿನ ಒಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು ನಾನು. ಮನೆ ಮುಲುಂಡಿನಲ್ಲಿ. ಗಿಡದ ಹುಚ್ಚು ಹತ್ತಿದ್ದು ಕೆಲಸದಲ್ಲಿರುವಾಗಲೇ. ಲಂಚ್ ಟೈಮಿನಲ್ಲಿ ಬೇರೆಯವರು ಸೀರೆಯ ಅಂಗಡಿಗೆ ಹೋದರೆ ನಾನು ಹಳೆಯ ಕಟ್ಟಡಗಳ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಸೊಪ್ಪು ನೋಡುತ್ತ ನಿಲ್ಲುತ್ತಿದ್ದೆ. ರಜೆಯ ದಿನಗಳಲ್ಲಿ ತಿಳಿದವರ ಹಿಂದೆ ಸುತ್ತಿ ಸುತ್ತಿ ಕಲಿತೆ. ಈಗ ಕೆಲವು ವರ್ಷಗಳಿಂದ ಭಾನುವಾರ ನಾನೇ ಜನರನ್ನು ಕರೆದುಕೊಂಡು ಹೋಗಿ ಗಿಡ ತೋರಿಸುತ್ತೇನೆ. ಬರುವವರು ಹೆಚ್ಚಾಗಿ ಬಾಂದ್ರಾ ಕಡೆಯವರು. ಟೋಪಿ, ಕ್ಯಾಮೆರಾ, ಬೆನ್ನಿಗೊಂದು ಚೀಲ. ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ನಡುವೆ ಹಿಂದಿ. ಕೇದಗೆಯನ್ನು ಕೇದಗೆ ಎಂದು ಕರೆದರೆ ಕಣ್ಣರಳಿಸುವವರು ಅವರಲ್ಲಿ ಒಬ್ಬರೂ ಇರಲಿಲ್ಲ.

ನಾನು ಹೆಚ್ಚಾಗಿ ಕರೆದೊಯ್ಯುವುದು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಆಚೆಗೆ. ಮಾರ್ವೆಯ ಜೆಟ್ಟಿಯಲ್ಲಿ ಫೆರಿ ಹತ್ತಿ ದಾಟಿದರೆ ಮುಂಬಯಿ ಮುಗಿದೇ ಹೋಯಿತು ಅನಿಸುತ್ತದೆ. ಮುಗಿದಿಲ್ಲ, ಅದೂ ಮುಂಬಯಿಯೇ. ಮೊದಲು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ನಿಂತ ಕೆಸರು ಸಿಗುತ್ತದೆ. ಅದನ್ನು ದಾಟಿದರೆ ಮಳೆಗಾಲದಲ್ಲಿ ಮಾತ್ರ ಮುಖ ತೋರಿಸುವ ಒಂದು ಹುಲ್ಲುಗಾವಲು. ಆಮೇಲೆ ಮರಳಿನ ದಿಬ್ಬ, ದಿಬ್ಬದಾಚೆ ಕಡಲು. ದಿಬ್ಬಕ್ಕೆ ಹೋಗಬೇಕೆಂದರೆ ಒಬ್ಬ ಮುದುಕಿಯ ವಾಡಿಯ ಗೇಟು ದಾಟಿಯೇ ಹೋಗಬೇಕು. ಚಿಕ್ಕ ಮನೆ, ಒಂದಷ್ಟು ತೆಂಗಿನ ಮರ, ಮನೆಯ ಹಿಂದೆ ಬಾವಿ. ತಲೆಮಾರುಗಳಿಂದ ಅಲ್ಲೇ ಇರುವ ಕ್ರೈಸ್ತ ಕುಟುಂಬದ ಹೆಂಗಸು ಅವಳು. ಊರಿಗೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ನನಗೂ ಮಾವ್ಶಿ.

ಮೊದಲ ಸಲ ಕೇಳಿದಾಗ ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಂದೇ ಷರತ್ತು ಹಾಕಿದ್ದಳು. "ಫುಲಾಂನಾ ಹಾತ್ ಲಾವಾಯ್ಚಾ ನಾಯ್." ಹೂವಿಗೆ ಕೈ ಹಚ್ಚುವಂತಿಲ್ಲ. ನಾನು ಮಾತು ಕೊಟ್ಟೆ. ಅಂದಿನಿಂದ ನಾನು ಯಾರನ್ನೇ ಕರೆದುಕೊಂಡು ಹೋಗಲಿ, ಗೇಟು ತೆರೆದು ಮೊದಲು ತಾಮ್ರದ ತಂಬಿಗೆಯಲ್ಲಿ ಬಾವಿಯ ನೀರು ತಂದು ಕೊಡುತ್ತಿದ್ದಳು. ಕಡಲು ಅಷ್ಟು ಹತ್ತಿರ, ನೀರು ಮಾತ್ರ ಎಳನೀರಿನಷ್ಟು ಸಿಹಿ. ಆ ಸಿಹಿಗೆ ಕಾರಣ ದಿಬ್ಬದ ಮೇಲಿರುವ ಕೇದಗೆಯ ಹಿಂಡು. ಬಿಳಲಿನಂಥ ಬೇರುಗಳನ್ನು ಮರಳಿಗೆ ಊರಿ, ಮುಳ್ಳಿನ ಎಲೆಗಳನ್ನು ಹೆಣೆದುಕೊಂಡು ಅದು ಗೋಡೆಯ ಹಾಗೆ ನಿಂತಿದೆ. ಮರಳನ್ನು ಅದು ಹಿಡಿದಿದೆ, ಕಡಲನ್ನು ಮರಳು ತಡೆದಿದೆ.

ಇದು ಪುಸ್ತಕದ ಮಾತಲ್ಲ. ಪಕ್ಕದ ಜಾಗ ಕೊಂಡು ಬಂಗಲೆ ಕಟ್ಟಿಸಿದವರು ಬಾಲ್ಕನಿಯಿಂದ ಕಡಲು ಕಾಣಲಿ ಎಂದು ತಮ್ಮ ಕಡೆಯ ಕೇದಗೆಯನ್ನೆಲ್ಲ ಜೆಸಿಬಿ ತಂದು ಕಿತ್ತರು. ಕಡಲು ಕಂಡಿತು. ಮುಂದಿನ ಮಳೆಗಾಲದಲ್ಲಿ ಕಡಲು ಕಾಣಿಸಿಕೊಂಡದ್ದು ಅವರ ಅಂಗಳದಲ್ಲಿ. ಅವರ ಬಾವಿಯ ನೀರು ಉಪ್ಪಾಗಿ ಬಾಯಿಗೆ ಹಾಕಲಾಗದಂತಾಯಿತು. ಅವರಿಗೇನು, ಟ್ಯಾಂಕರ್ ತರಿಸುತ್ತಾರೆ. ಮಾವ್ಶಿಗೆ ಇರುವುದು ಆ ಬಾವಿಯೊಂದೇ, ಬಾವಿಗೆ ಇರುವುದು ಆ ಕೇದಗೆಯೊಂದೇ.

ಇಂಥ ಜಾಗಕ್ಕೆ ನಾನು ನಮ್ಮವರನ್ನು ಕರೆದುಕೊಂಡು ಹೋದೆ.

ಅಧ್ಯಕ್ಷರು ಫೋರ್ಟಿನಲ್ಲಿ ಹೋಟೆಲ್ ನಡೆಸುವವರು, ಕರಾವಳಿಯವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಓಡುವವರು. ಅದೇ ನನ್ನ ಹೊಟ್ಟೆ ಉರಿಸುವುದು, ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು. ಅವರೇ ಒಂದು ದಿನ ಫೋನು ಮಾಡಿ, "ಎಂತ ಅಕ್ಕ, ಆ ಬಾಂದ್ರಾದವ್ರಿಗೆ ಮಾತ್ರ ತೋರ್ಸೋದಾ? ನಮ್ಮವ್ರಿಗೂ ಸ್ವಲ್ಪ ತೋರ್ಸಿ ಮಾರಾಯ್ರೆ. ಬಸ್ಸು, ತಿಂಡಿ ಎಲ್ಲ ನನ್ನ ಮೇಲೆ ಬಿಡಿ" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಹಿಂದಿನ ದಿನ ಕೂತು ಗಿಡಗಳ ಹೆಸರನ್ನು ಕನ್ನಡದಲ್ಲಿ, ತುಳುವಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಮದುಮಗಳ ಹಾಗೆ ಸಂಭ್ರಮಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಗರಪಂಚಮಿಗೆ ಮೊದಲಿನ ಭಾನುವಾರ ಅದು. ಬಸ್ಸು ಮುಲುಂಡಿನಿಂದ ಹೊರಟಿತು. ಬನ್ಸು, ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ. ಹಿಂದಿನ ಸೀಟಿನ ಕೆಳಗೆ ಒಂದು ಮೂಟೆ ಬೊಂಡ, ಅದನ್ನು ಕೆತ್ತಲು ಒಂದು ಕತ್ತಿ. ಕಡಲ ದಂಡೆಯಲ್ಲಿ ಎಲ್ಲರಿಗೂ ಎಳನೀರು ಕುಡಿಸುವ ಆಸೆ ಅಧ್ಯಕ್ಷರದು. ಮೂಟೆಯನ್ನೂ ಕತ್ತಿಯನ್ನೂ ಫೆರಿಗೆ ಹತ್ತಿಸುವಾಗ ನನಗೆ ಏನೂ ಅನಿಸಲಿಲ್ಲ.

ಕಾಂಡ್ಲಾದ ಕೆಸರಿನಲ್ಲಿ ಮೊಳೆಯ ಹಾಗೆ ಮೇಲೆದ್ದ ಉಸಿರುಬೇರುಗಳನ್ನು ತೋರಿಸಿದೆ. ಎರಡು ದಿನದಿಂದ ಮಳೆ ಬಿಟ್ಟು ಹೊಳವಾಗಿತ್ತು. ಎಲೆಯ ಮೇಲೆ ಉಪ್ಪು ಕೂತಿತ್ತು. "ನೆಕ್ಕಿ ನೋಡಿ" ಎಂದೆ. ಹೆಂಗಸರು ನೆಕ್ಕಿ, ಮುಖ ಕಿವುಚಿ, ನಕ್ಕರು. "ನಮ್ಮ ಕಡೆ ಹೊಳೆಬದಿಯಲ್ಲಿ ಇದೇ ಉಂಟಲ್ಲ!" ಎಂದು ಒಬ್ಬರು ಕೂಗಿದರು. ಊರು ಬಿಟ್ಟು ಬಂದ ಮೇಲೆ ಆ ಗಿಡವನ್ನು ಅವರು ಗುರುತು ಹಿಡಿದದ್ದು ಅದೇ ಮೊದಲಂತೆ.

ಮಾವ್ಶಿ ಗೇಟು ತೆರೆದು ತಂಬಿಗೆ ತಂದಳು. ಅಧ್ಯಕ್ಷರು ತಲೆ ಎತ್ತಿ, ತುಟಿಗೆ ತಾಗಿಸದೆ ಕುಡಿದು, "ಆಹಾ, ಏನು ಸಿಹಿ! ನಮ್ಮೂರಿನ ಬಾವಿದೇ ನೀರು" ಎಂದರು. ಮಾವ್ಶಿಗೆ ಅರ್ಥವಾಗದಿದ್ದರೂ ಹೊಗಳಿಕೆ ಎಂದು ತಿಳಿದು ನಕ್ಕಳು. ಅವಳ ಷರತ್ತನ್ನು ನಾನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಯಾಕೆ ಎಂದೂ ಹೇಳಿದೆ. ಬಂಗಲೆಯ ಕಡೆ ಕೈ ತೋರಿಸಿ, ಅವರ ಬಾವಿಯ ಕಥೆಯನ್ನೂ ಹೇಳಿದೆ. ಎಲ್ಲರೂ ಛೆ ಛೆ ಎಂದರು. ಎಲ್ಲರಿಗಿಂತ ಜೋರಾಗಿ ಛೆ ಎಂದವರು ಅಧ್ಯಕ್ಷರು.

ದಿಬ್ಬದ ಮೇಲೆ ಅಡುಂಬು ಬಳ್ಳಿ ನೇರಳೆ ಹೂ ಬಿಟ್ಟು ಮರಳಿಗೆ ಚಾಪೆ ಹಾಸಿತ್ತು. ಅದಕ್ಕೆ ಮರಾಠಿಯಲ್ಲಿ ಮರ್ಯಾದಾ ವೇಲ್ ಎನ್ನುತ್ತಾರೆ, ಕಡಲೇ ನೀನು ಇಲ್ಲಿಯವರೆಗೆ ಮಾತ್ರ ಎಂದು ಗೆರೆ ಎಳೆಯುವ ಬಳ್ಳಿ ಎಂದೆ. ರಾವಣನ ಮೀಸೆ ಎಂಬ ಚುಚ್ಚುವ ಹುಲ್ಲು ತೋರಿಸಿದಾಗ ಗಂಡಸರು ತಮ್ಮ ಮೀಸೆ ಮುಟ್ಟಿಕೊಂಡರು. ಆಮೇಲೆ ಕೇದಗೆ. ನಡುನಡುವೆ ಹೊಂಬಣ್ಣದ ಹೂ ಬಿರಿದು ಗಾಳಿಗೆಲ್ಲ ಪರಿಮಳ. ಇಬ್ಬರು ಹಿರಿಯ ಹೆಂಗಸರು ಕೈ ಮುಗಿದೇಬಿಟ್ಟರು. "ಇದು ನಾಗನ ಹೂ. ನಮ್ಮ ನಾಗಬನಗಳಲ್ಲಿ ಇದ್ದದ್ದೂ ಇದೇ. ಒಳಗೆ ಹಾವುಗಳು ಹೇರಳವಾಗಿರುತ್ತವೆ" ಎಂದೆ. ಬನದೊಳಗೆ ಒಂದು ಕಡ್ಡಿ ಮುರಿಯಲೂ ನಮ್ಮವರು ಹೆದರುತ್ತಾರೆ, ಬಿದ್ದ ಸೌದೆಯನ್ನೂ ಒಲೆಗೆ ತರುವುದಿಲ್ಲ. ಹಾಗೆ ಬೆಳೆದವರು ಇವರು, ಇವರಿಗಿಂತ ಒಳ್ಳೆಯ ಕಾವಲುಗಾರರು ಯಾರು ಎಂದುಕೊಂಡೆ.

ಅಲ್ಲಿಂದ ಹುಲ್ಲುಗಾವಲಿಗೆ ಬಂದೆವು. ಅಲ್ಲಿಯ ಹೂಗಳು ಸಾಸಿವೆಯಷ್ಟು ಚಿಕ್ಕವು. ಮಂಡಿಯೂರಿ, ಭೂತಗನ್ನಡಿ ಹಿಡಿದೇ ನೋಡಬೇಕು. ಹುಳ ಹಿಡಿಯುವ ಗಿಡ, ಗುಂಡುಸೂಜಿಯ ತಲೆಯಂಥ ಬಿಳಿ ಹೂ, ಸೀತೆಯ ಕಣ್ಣೀರು ಎಂದು ಇಲ್ಲಿಯವರು ಕರೆಯುವ ನೀಲಿ ಹೂ. ನಾವೆಲ್ಲ ಹೆಂಗಸರು ನೆಲಕ್ಕೆ ಮೂಗು ತಾಗಿಸಿ ಬಗ್ಗಿದ್ದೆವು. ಅಧ್ಯಕ್ಷರೂ ಇನ್ನು ಕೆಲವು ಗಂಡಸರೂ ಬೊಂಡ ಕೆತ್ತುತ್ತೇವೆಂದು ದಿಬ್ಬದ ಕಡೆಯೇ ಉಳಿದಿದ್ದರು. ಕತ್ತಿಯ ಸದ್ದು ಕೇಳಿಸುತ್ತಿತ್ತು. ಬೊಂಡದ್ದು ಎಂದುಕೊಂಡೆ.

ಗೊತ್ತಾದದ್ದು ಮರಳುವಾಗ, ಫೆರಿಯಲ್ಲಿ. ಡೀಸೆಲ್ ಹೊಗೆ, ಮೀನಿನ ಬುಟ್ಟಿ, ಇವುಗಳ ನಡುವೆ ಕೇದಗೆಯ ಘಮ. ದಿಬ್ಬ ಹಿಂದೆ ಉಳಿದಿದೆ, ವಾಸನೆ ಮಾತ್ರ ಜೊತೆಗೆ ಬರುತ್ತಿದೆ. ಯಾರೂ ನನ್ನ ಮುಖ ನೋಡುತ್ತಿಲ್ಲ. ಬೆಳಿಗ್ಗೆ ಕೈ ಮುಗಿದ ಹೆಂಗಸರು ಇಬ್ಬರೂ ಕಡಲಿನ ಕಡೆ ತಿರುಗಿ ಕೂತಿದ್ದಾರೆ. ನಾನು ಎದ್ದುಹೋಗಿ ಅಧ್ಯಕ್ಷರ ಕಾಲಬುಡದಲ್ಲಿದ್ದ ನೀಲಿ ರೈನ್‌ಕೋಟಿನ ಗಂಟು ಬಿಚ್ಚಿದೆ. ಹೂಗಳು. ಬೊಂಡದ ಮೂಟೆ ಬಿಚ್ಚಿದೆ. ಬೇರು ಸಮೇತ ಕಿತ್ತ ಕೇದಗೆಯ ಮರಿಗಳು, ಮರಳು ಇನ್ನೂ ಒದ್ದೆಯಾಗಿತ್ತು.

"ಇದೆಂತದು?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಕ್ಕ, ಕೋಪ ಮಾಡ್ಬೇಡಿ. ಪಂಚಮಿಗೆ ಮಾರ್ಕೆಟಲ್ಲಿ ಕೇದಗೆ ಸಿಗೋದಿಲ್ಲ. ಮತ್ತೆ ನಮ್ಮ ಸಂಘದ ಗುಡಿಯ ನಾಗನಕಟ್ಟೆ ಬೋಳಾಗಿ ಉಂಟು. ಕೇದಗೆ ಇಲ್ಲದ ಬನ ಎಂತ ಬನ ಹೇಳಿ? ಅದಕ್ಕೆ ನಾಲ್ಕು ಮರಿ. ನಾವೇನು ಮನೆಗೆ ತಗೊಂಡು ಹೋಗ್ತೇವಾ? ದೇವರಿಗಲ್ವಾ?"

"ನಿಮ್ಮೂರಿನ ಬನದಿಂದ ಹೀಗೆ ಕಿತ್ಕೊಂಡು ಬರ್ತಿದ್ರಾ?"

"ಅಯ್ಯೋ, ಅಲ್ಲಿ ನಾಗ ಉಂಟಲ್ಲ!" ಎಂದರು ಅವರು. ಕಳ್ಳತನಕ್ಕೆ ಹುಡುಕಿದ ನೆಪವಲ್ಲ ಅದು, ನಂಬಿಯೇ ಹೇಳಿದರು. "ಇಲ್ಲಿ ಒಂದು ಕಲ್ಲು ಸಹ ಇಲ್ಲ."

ಅದನ್ನು ಕೇಳಿ ನನಗೆ ಸಿಡಿಲು ಬಡಿದಂತಾಯಿತು. ನಾಗನ ಕಲ್ಲು ನೆಟ್ಟಿದ್ದರೆ ಕಡ್ಡಿ ಮುರಿಯುವುದಿಲ್ಲ, ಕಲ್ಲು ಇಲ್ಲದಿದ್ದರೆ ಕತ್ತಿ ಹಾಕಬಹುದು. ನಿಜವಾದ ಹಾವು ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅದು ಲೆಕ್ಕಕ್ಕಿಲ್ಲ. ನನ್ನ ತವರಿನ ನಾಗಬನಕ್ಕೂ ಹೀಗೇ ಆಯಿತು. ಹಗಲಲ್ಲೇ ಕತ್ತಲಿರುತ್ತಿದ್ದ ಜಾಗ ಅದು. ಜೀರ್ಣೋದ್ಧಾರ ಎಂದು ಹೇಳಿ ಮರಗಳನ್ನೆಲ್ಲ ಕಡಿದು, ಟೈಲ್ಸ್ ಹಾಕಿ, ಮೇಲೆ ಶೀಟು ಹೊದಿಸಿದರು. ನಾಗನಿಗೆ ಸ್ಟೀಲಿನ ಗೇಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಮರಿಗಳನ್ನು ವಾಪಸು ಕೊಡಿ, ಈಗಲೇ ಹೋಗಿ ನೆಟ್ಟು ಬರುತ್ತೇನೆ ಎಂದು ಮೂಟೆ ಎಳೆದೆ. ಬಿಡಲಿಲ್ಲ. "ನಾಗನಿಗೆ ಅಂತ ಹೇಳಿ ಆಯ್ತು ಅಕ್ಕ, ಇನ್ನು ಹಿಂದೆ ಕೊಟ್ರೆ ದೋಷ ಬರ್ತದೆ" ಎಂದು ಹೆಂಗಸರೂ ಸೇರಿಕೊಂಡರು. ಮಾರ್ವೆಯ ದಡದಲ್ಲಿ ಕಾಯುತ್ತಿದ್ದ ಬಸ್ಸಿನ ಡ್ರೈವರ್, ವಿಜಯಪುರದ ಕಡೆಯವನು, ಹಾರ್ನ್ ಹೊಡೆಯುತ್ತ, "ಟ್ರಾಫಿಕ್ ಆಗತೈತ್ರಿ ಅಕ್ಕಾರ, ಲಗೂನ ಹತ್ರಿ" ಎಂದ. ಎಲ್ಲರೂ ಹತ್ತಿದರು. ನಾನು ಹತ್ತಲಿಲ್ಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ, ಅವುಗಳನ್ನು ಇಲ್ಲಿ ಬರೆಯಲಾರೆ. ಬಸ್ಸು ಹೊರಟಿತು. ನಾನು ಅದೇ ಫೆರಿಯಲ್ಲಿ ಮತ್ತೆ ಆಚೆ ದಡಕ್ಕೆ ಹೋದೆ.

ಮಾವ್ಶಿ ಆಗಲೇ ದಿಬ್ಬದ ಮೇಲಿದ್ದಳು. ಹೂ ಇರುವುದು ತುದಿಯಲ್ಲಿ, ಸುತ್ತ ಮುಳ್ಳು. ಕೈ ಎಟುಕಲಿಲ್ಲವೆಂದು ಕೊಂಬೆಗೆ ಕೊಂಬೆಯನ್ನೇ ಕಡಿದು ಕೆಡವಿದ್ದರು. ಮರಿ ಕೀಳಲು ಬುಡಕ್ಕೆ ದಾರಿ ಮಾಡಿಕೊಂಡಿದ್ದರು. ಹಿಂಡಿನ ನಡುವೆ ಬಾಗಿಲಿನಷ್ಟು ಅಗಲದ ಕಂಡಿ. ಆ ಕಂಡಿಯಲ್ಲಿ ಕಡಲು ಕಾಣುತ್ತಿತ್ತು. ಮರಳು ಸಣ್ಣಗೆ ಜಾರುತ್ತಲೇ ಇತ್ತು. ಮಾವ್ಶಿ ಕಡಿದ ಕೊಂಬೆಗಳನ್ನು ಎಳೆದು ತಂದು ಕಂಡಿಗೆ ಅಡ್ಡ ಒಟ್ಟುತ್ತಿದ್ದಳು. ಮುಳ್ಳು ಗೀರಿ ಅವಳ ಮುಂಗೈಯಲ್ಲಿ ರಕ್ತ ಬಂದಿತ್ತು.

"ನಿನ್ನ ಜನರಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಹೌದು, ನಮ್ಮವರೇ" ಎಂದೆ.

ಅವಳು ಮತ್ತೊಂದು ಕೊಂಬೆ ಎಳೆದಳು. ಬೈದಿದ್ದರೆ ಆಗುತ್ತಿತ್ತು. ಇಬ್ಬರೂ ಕತ್ತಲಾಗುವವರೆಗೆ ಕೊಂಬೆ ಒಟ್ಟಿದೆವು. ಒಟ್ಟಿದ ಕೊಂಬೆ ಬೇರಿನ ಕೆಲಸ ಮಾಡುತ್ತದೆಯೇ? ಅಮಾವಾಸ್ಯೆ ಹತ್ತಿರ ಇತ್ತು. ಆಗ ಕಡಲು ಎಷ್ಟು ಮೇಲೆ ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಸಂಘದ ವಾಟ್ಸಾಪಿನಲ್ಲಿ ಫೋಟೋಗಳು ಬಂದವು. ನಿಸರ್ಗದ ಮಡಿಲಲ್ಲಿ ನಮ್ಮ ಸಂಘ, ಕೆಳಗೆ ಚಪ್ಪಾಳೆಯ ಸಾಲು. ನಾನು ನಡೆದದ್ದನ್ನು ಬರೆದು ಹಾಕಿದೆ. ಸಂಜೆ ಅಧ್ಯಕ್ಷರು ಫೋನು ಮಾಡಿದರು. ನಿಜಕ್ಕೂ ನೊಂದುಕೊಂಡಿದ್ದರು. "ಅಕ್ಕ, ನಂಗೂ ನಿದ್ರೆ ಬರ್ಲಿಲ್ಲ. ಒಂದು ಕೆಲಸ ಮಾಡುವ. ಅಲ್ಲೇ ದಿಬ್ಬದ ಮೇಲೆ ಒಂದು ನಾಗನಕಲ್ಲು ಪ್ರತಿಷ್ಠೆ ಮಾಡುವ. ಒಳ್ಳೆ ಸಿಮೆಂಟ್ ಕಟ್ಟೆ, ಸುತ್ತ ಗ್ರಿಲ್. ಮತ್ತೆ ಯಾರೂ ಮುಟ್ಟೋದಿಲ್ಲ ನೋಡಿ." ಕಡಿದದ್ದು ಸಾಲದೆಂದು ಇನ್ನು ಸಿಮೆಂಟು! ಹೆಣಕ್ಕೆ ಶೃಂಗಾರ ಎಂದರೆ ಇದೇ. ನಾನು ಫೋನು ಇಟ್ಟುಬಿಟ್ಟೆ.

ಪಂಚಮಿಯ ದಿನ ಗುಡಿಗೆ ಹೋದೆ. ಕಟ್ಟೆಯ ಮುಂದೆ ಸಾಲು. ಹಾಲು, ಎಳನೀರು, ಅರಿಶಿನ. ಕಲ್ಲಿನ ತಲೆಯ ಮೇಲೆ ಮಾವ್ಶಿಯ ದಿಬ್ಬದ ಕೇದಗೆ ಅಂಚು ಕಂದಿ ಬಿದ್ದಿತ್ತು. ಕಟ್ಟೆಯ ಪಕ್ಕದಲ್ಲಿ ಟೈಲ್ಸು ಒಡೆದು ಮಾಡಿದ ಗುಂಡಿಯಲ್ಲಿ ಮರಿಗಳನ್ನು ನೆಟ್ಟಿದ್ದರು. ಸುರಿದ ಹಾಲೆಲ್ಲ ಹರಿದು ಬುಡದಲ್ಲಿ ನಿಂತು ಹುಳಿ ನಾತ ಬರುತ್ತಿತ್ತು. ಕೇದಗೆ ಗಟ್ಟಿ ಗಿಡ, ಎಲೆ ಇನ್ನೂ ಹಸಿರಾಗಿಯೇ ಇತ್ತು. ನಾನು ಮನೆಯಿಂದ ತಂದಿದ್ದ ಸಣ್ಣ ಗುದ್ದಲಿ ತೆಗೆದೆ. ಅಗೆಯತೊಡಗಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗುಡಿಯೇ ಹೊತ್ತಿಕೊಂಡಂತಾಯಿತು.

"ಅಕ್ಕ, ನಾಗನ ಬನಕ್ಕೆ ಕೈ ಹಾಕ್ಬೇಡಿ!" ಅಧ್ಯಕ್ಷರ ಮುಖ ಬಿಳುಚಿಕೊಂಡಿತ್ತು. "ವಂಶಕ್ಕೆ ದೋಷ ಬರ್ತದೆ!"

"ಬರಲಿ. ನನಗೇ ಬರಲಿ. ನೀವು ದಿಬ್ಬದಲ್ಲಿ ಕೈ ಹಾಕುವಾಗ ಈ ಹೆದರಿಕೆ ಎಲ್ಲಿಗೆ ಹೋಗಿತ್ತು?"

ಯಾರೂ ನನ್ನ ಕೈ ಹಿಡಿದು ತಡೆಯಲಿಲ್ಲ. ದೋಷ ಅಂಟುತ್ತದೆಂಬ ಭಯಕ್ಕೆ ಹತ್ತಿರವೂ ಬರಲಿಲ್ಲ. ಅವರ ಭಯ ನನಗೆ ಉಪಯೋಗಕ್ಕೆ ಬಂದದ್ದು ಆವತ್ತು ಮಾತ್ರ. ಮರಿಗಳ ಬೇರಿಗೆ ಒದ್ದೆ ಗೋಣಿ ಸುತ್ತಿ, ರಿಕ್ಷಾ ಹಿಡಿದು ಹೊರಟೆ. ಮುಳ್ಳು ಚುಚ್ಚುತ್ತಿದ್ದರೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಖಾಡಿ ದಾಟಿ ಹೋದಾಗ ಮಾವ್ಶಿಯ ಗೇಟಿಗೆ ಬೀಗ. ಅದುವರೆಗೆ ನಾನು ಆ ಗೇಟಿಗೆ ಬೀಗ ಕಂಡದ್ದೇ ಇರಲಿಲ್ಲ. ಕೂಗಿದೆ. ಬಹಳ ಹೊತ್ತಿಗೆ ಅವಳು ಬಂದಳು. ನನ್ನನ್ನು ನೋಡಿದಳು, ಮರಿಗಳನ್ನು ನೋಡಿದಳು, ಒಳಗೆ ಹೋದಳು. ಬೀಗದಕೈ ತರಲು ಹೋದಳು ಎಂದುಕೊಂಡೆ. ತಂದದ್ದು ತಾಮ್ರದ ತಂಬಿಗೆ. ಗೇಟಿನ ಸರಳುಗಳ ನಡುವಿನಿಂದ ಅದನ್ನು ನನ್ನ ಕೈಗೆ ಕೊಟ್ಟು, "ಪಾಣಿ ಪಿ" ಎಂದಳು.

ಒಂದು ಗುಟುಕು ಕುಡಿದೆ. ಉಪ್ಪು.

ಅಮಾವಾಸ್ಯೆಯ ಉಬ್ಬರದಲ್ಲಿ ಕಡಲು ಆ ಕಂಡಿಯಿಂದಲೇ ಒಳಗೆ ನುಗ್ಗಿತ್ತಂತೆ. ನಾವು ಒಟ್ಟಿದ ಕೊಂಬೆಗಳು ತೆಂಗಿನ ಬುಡಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದದ್ದು ಗೇಟಿನಿಂದಲೇ ಕಾಣುತ್ತಿತ್ತು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುವುದು ನಮ್ಮ ಗಾದೆ. ನಮ್ಮವರು ಗುಡಿಯಲ್ಲಿ ಪಾನಕ ಕುಡಿಯುತ್ತಿದ್ದರು. ಇವಳು ದಿನವೂ ಕುಡಿಯಬೇಕಾದದ್ದು ಇದು.

"ಮಾವ್ಶಿ, ಬೀಗ ತೆಗಿ. ನಾನೇ ನೆಟ್ಟುಕೊಡುತ್ತೇನೆ" ಎಂದೆ.

ಅವಳು ಸರಳುಗಳ ನಡುವೆ ಕೈ ಚಾಚಿ ಮರಿಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡಳು. ಆಮೇಲೆ ಹೇಳಿದಳು, "ಗಿಡ ಸಾಕು. ನೀನು ಬೇಡ."

ಅವಳು ಹೇಳಿದ್ದು ಸರಿ. ತಂಬಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಉಳಿದ ನೀರನ್ನು ಚೆಲ್ಲಲಿಲ್ಲ. ಅವಳು ನೋಡುತ್ತಿರುವಾಗಲೇ ಅಷ್ಟನ್ನೂ ಕುಡಿದು, ತಂಬಿಗೆಯನ್ನು ಸರಳುಗಳ ನಡುವಿನಿಂದ ಅವಳಿಗೆ ವಾಪಸು ಕೊಟ್ಟೆ.